ನೆಲದ ಮೇಲೆ ಒಡೆಯುವ ದೋಣಿ: ಚನ್ನಗಿರಿಯ ಧೋಂಡಿಯಾ ಮತ್ತು ಹೊನ್ನಾಳಿಯ ತೆಪ್ಪ

ಸಮುದ್ರದಿಂದ ಇಷ್ಟು ದೂರ ಇರೋ ದಾವಣಗೆರೆ ಜಿಲ್ಲೆಯವನು ದೋಣಿ ಬಗ್ಗೆ ಏನು ಬರೀತಾನೆ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ದೋಣಿಯನ್ನು ನೆಲದ ಮೇಲೆ ಹೊತ್ತುಕೊಂಡು ಹೋದರೆ ಅದಕ್ಕೆ ಏನಾಗುತ್ತೆ, ಆಮೇಲೆ ಅದನ್ನು ಹೇಗೆ ರಿಪೇರಿ ಮಾಡ್ತಾರೆ ಅನ್ನೋ ವಿಷಯದಲ್ಲಿ ನಮ್ಮ ಕಡೆಯವರಿಗೆ ಹೇಳೋಕೆ ಬೇಕಾದಷ್ಟಿದೆ. ಇನ್ನೂರು ವರ್ಷಗಳ ಹಿಂದೆ ಇದೇ ಸಣ್ಣ ವಿಷಯದ ಮೇಲೆ ಒಂದು ಯುದ್ಧವೇ ನಿಂತಿತ್ತು. ಆ ಯುದ್ಧದ ಒಂದು ಕಡೆ ಇದ್ದವನು ನಮ್ಮ ಚನ್ನಗಿರಿಯವನು. ಇನ್ನೊಂದು ಕಡೆ ಇದ್ದವನು ಮುಂದೆ ವಾಟರ್‌ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು. ನಡುವೆ ಹರಿಯುತ್ತಿದ್ದದ್ದು ತುಂಗಭದ್ರೆ.

ಮೊದಲು ದೋಣಿಯ ವಿಷಯ ಸ್ವಲ್ಪ ತಿಳಿದುಕೊಂಡುಬಿಡೋಣ, ಆಮೇಲೆ ಇತಿಹಾಸ.

ಹಾಯಿ ಕಟ್ಟಿದ ದೋಣಿಗಳ ಅಡಿಯಲ್ಲಿ, ಮೀನಿನ ಈಜುರೆಕ್ಕೆ ತಲೆಕೆಳಗಾದ ಹಾಗೆ ಒಂದು ಭಾರದ ಹಲಗೆ ಇಳಿದಿರುತ್ತೆ. ಅದಕ್ಕೆ ಕೀಲ್ ಅನ್ನುತ್ತಾರೆ. (ನಮ್ಮ ಕನ್ನಡದ ಕೀಲಿಗೂ ಇದಕ್ಕೂ ಸಂಬಂಧ ಇಲ್ಲ, ಉಚ್ಚಾರ ಮಾತ್ರ ಹತ್ತಿರ.) ಗಾಳಿ ಪಕ್ಕದಿಂದ ತಳ್ಳಿದಾಗ ದೋಣಿ ಮಗುಚದ ಹಾಗೆ, ಅಡ್ಡಡ್ಡ ಜಾರದ ಹಾಗೆ ಹಿಡಿದು ನಿಲ್ಲಿಸೋದು ಅದೇ. ದೋಣಿ ನೀರಿನಲ್ಲಿ ಇರುವಾಗ ನೀರು ಅದರ ಹೊಟ್ಟೆಯನ್ನು ಎಲ್ಲಾ ಕಡೆಯಿಂದ ಸಮನಾಗಿ ಎತ್ತಿ ಹಿಡಿದಿರುತ್ತೆ, ಕೀಲ್ ಕೆಳಗೆ ನೇತಾಡುತ್ತಿರುತ್ತೆ. ಅದೇ ದೋಣಿಯನ್ನು ಟ್ರೇಲರ್ ಮೇಲೆ ಏರಿಸಿದಿರೋ, ಲೆಕ್ಕವೆಲ್ಲ ತಿರುಗುಮುರುಗು. ಈಗ ಕೀಲ್ ದೋಣಿಗೆ ನೇತಾಡುತ್ತಿಲ್ಲ, ಇಡೀ ದೋಣಿಯೇ ಕೀಲಿನ ಮೇಲೆ ನಿಂತಿದೆ! ರಸ್ತೆಯ ಪ್ರತಿ ಗುಂಡಿಗೂ ಆ ಭಾರವೆಲ್ಲ ಕೀಲು ಮತ್ತು ಹೊಟ್ಟೆ ಸೇರುವ ಜಾಗಕ್ಕೆ ಸುತ್ತಿಗೆಯ ಹಾಗೆ ಬಡಿಯುತ್ತೆ.

ಹಾಗಾಗಿ ದೂರ ಸಾಗಿಸಿದ ದೋಣಿಯನ್ನು ನೀರಿಗೆ ಇಳಿಸುವ ಮೊದಲು ಬಲ್ಲವರು ನೋಡೋದು ಆ ಸಂದಿಯನ್ನೇ. ಬಿರುಕು ಬಣ್ಣದ್ದೋ, ಒಳಗಿನದ್ದೋ? ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಹೋಗುತ್ತಾರೆ. ಗಟ್ಟಿ ಇದ್ದ ಕಡೆ ಗಣ್ ಅನ್ನುತ್ತೆ, ಒಳಗೆ ಪದರ ಬಿಟ್ಟಿದ್ದರೆ ಬೊದ್ ಅನ್ನುತ್ತೆ. (ಸಂತೆಯಲ್ಲಿ ಮಡಕೆ ಕೊಳ್ಳುವಾಗ ನಮ್ಮ ಅಮ್ಮಂದಿರು ಬೆರಳಲ್ಲಿ ತಟ್ಟಿ ನೋಡ್ತಾರಲ್ಲ, ಅದೇ ವಿದ್ಯೆ.) ಕೀಲನ್ನು ಹಿಡಿದಿರುವ ಬೋಲ್ಟುಗಳ ಬುಡದಲ್ಲಿ ತುಕ್ಕಿನ ಕಲೆ ಇಳಿದಿದೆಯಾ ಅಂತ ನೋಡುತ್ತಾರೆ. ಕೆಟ್ಟ ಪದರವನ್ನು ಗಟ್ಟಿ ಭಾಗ ಸಿಗುವ ತನಕ ಉಜ್ಜಿ ತೆಗೆದು, ಚೆನ್ನಾಗಿ ಒಣಗಿಸಿ, ಹೊಸ ಗಾಜಿನ ನಾರಿನ ಬಟ್ಟೆಯನ್ನು ಅಂಟಿನ ಜೊತೆ ಪದರ ಪದರವಾಗಿ ಕೂರಿಸುತ್ತಾರೆ. ಒದ್ದೆ ಇರುವಾಗಲೇ ಮೇಲೆ ಮೆತ್ತಿದರೆ ಆ ರಿಪೇರಿ ಕಣ್ಣಿಗೆ ಮಾತ್ರ.

ಒಟ್ಟಿನಲ್ಲಿ ನೀರಿಗಾಗಿ ಮಾಡಿದ ದೋಣಿಗೆ ದೊಡ್ಡ ಶತ್ರು ನೆಲ. ಇದು ನಮ್ಮ ಹೊಳೆಸಾಲಿನ ಅಂಬಿಗರಿಗೆ ಬಹಳ ಹಿಂದೆಯೇ ಗೊತ್ತಿತ್ತು. ಅದಕ್ಕೇ ಅವರು ಕೀಲನ್ನೇ ಇಡಲಿಲ್ಲ.

ಬುಟ್ಟಿಯಂಥ ದೋಣಿ

ನಮ್ಮ ಕಡೆಯ ದೋಣಿ ಅಂದರೆ ತೆಪ್ಪ ಅಥವಾ ಹರಿಗೋಲು. ರಾಯಚೂರು ಕಡೆ ಪುಟ್ಟಿ ಅಂತಲೂ ಅನ್ನುತ್ತಾರೆ. ಬಿದಿರು ಸೀಳಿ ಹೆಣೆದ ದೊಡ್ಡ ದುಂಡು ಬುಟ್ಟಿ, ಅದರ ಹೊರಗೆ ಹಿಂದಿನ ಕಾಲದಲ್ಲಿ ಚರ್ಮ, ನಮ್ಮ ಕಾಲದಲ್ಲಿ ಪ್ಲಾಸ್ಟಿಕ್ ಹಾಳೆ ಇಲ್ಲವೇ ಚೀಲ, ಅದರ ಮೇಲೆ ಡಾಂಬರು. ಮುಂದೆ ಹಿಂದೆ ಅಂತ ಇಲ್ಲ, ಹಾಯಿ ಇಲ್ಲ, ಚುಕ್ಕಾಣಿ ಇಲ್ಲ. ಒಂದು ಹುಟ್ಟು, ನೀರು ಕಡಿಮೆ ಇದ್ದ ಕಡೆ ಊರಲು ಒಂದು ಗಳ, ಅಷ್ಟೇ.

ಸುಮಾರು 1520ರ ಹೊತ್ತಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೋ ಪಾಯೆಸ್ ಆನೆಗೊಂದಿಯ ಹತ್ತಿರ ಇವನ್ನು ನೋಡಿ ಬೆರಗಾಗಿ ಬರೆದಿಟ್ಟಿದ್ದಾನೆ. ಬುಟ್ಟಿಯ ಹಾಗೆ ದುಂಡಗಿವೆ, ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದು ಇಪ್ಪತ್ತು ಜನ ಕೂರಬಹುದು, ನೇರವಾಗಿ ಹೋಗದೆ ಸುತ್ತುತ್ತಲೇ ಹೋಗುತ್ತವೆ, ಈ ರಾಜ್ಯದ ಹೊಳೆಗಳಲ್ಲಿ ಬೇರೆ ಥರದ ದೋಣಿಯೇ ಇಲ್ಲ ಅನ್ನುವುದು ಅವನ ವರದಿಯ ಸಾರಾಂಶ. ಅದಕ್ಕೂ ಮುಂಚೆ, 12ನೇ ಶತಮಾನದ ವಚನಕಾರ ಅಂಬಿಗರ ಚೌಡಯ್ಯನ ಊರು ಅನ್ನುವ ಚೌಡದಾನಪುರ ಇರುವುದೂ ಇದೇ ತುಂಗಭದ್ರೆಯ ದಡದಲ್ಲಿ, ನಮ್ಮ ಹೊನ್ನಾಳಿ, ಹರಿಹರಗಳಿಂದ ಕೆಳಗೆ.

ಈ ದೋಣಿ ಯಾಕೆ ಹೀಗಿದೆ? ನನಗೆ ಅನ್ನಿಸುವುದು ಇಷ್ಟು. ತುಂಗಭದ್ರೆಯ ಪಾತ್ರದ ತುಂಬಾ ಬಂಡೆ. ಬೇಸಿಗೆಯಲ್ಲಿ ಮೊಣಕಾಲುದ್ದ ನೀರು, ಆಷಾಢ ಶ್ರಾವಣದಲ್ಲಿ ದಡ ಮೀರುವ ಹೊಳೆ. ಅಡಿಯಲ್ಲಿ ಕೀಲು ಇಳಿಬಿಟ್ಟ ದೋಣಿ ಇಲ್ಲಿ ಮೊದಲ ಬಂಡೆಗೇ ಮುಗಿಯುತ್ತೆ. ಇನ್ನೊಂದು, ತೆಪ್ಪ ಸೆಳವಿನ ಜೊತೆ ಕೆಳಗೆ ಹೋಗಬಹುದೇ ಹೊರತು ಎದುರು ಹೋಗಲಾರದು. ಹಾಗಾಗಿ ಮೇಲಿನ ಕಟ್ಟೆಗೆ ವಾಪಸು ಬರಬೇಕಾದರೆ ಅಂಬಿಗ ಅದನ್ನು ತಲೆಯ ಮೇಲೆ ಬೋರಲು ಹಾಕಿಕೊಂಡು ದಡದ ಮೇಲೆ ನಡೆಯುತ್ತಾನೆ. ಅಂದರೆ ಈ ದೋಣಿ ಅರ್ಧ ಆಯುಷ್ಯವನ್ನು ನೆಲದ ಮೇಲೆಯೇ ಕಳೆಯುತ್ತೆ.

ಇದು ನಮ್ಮಲ್ಲಿ ಮಾತ್ರ ಹುಟ್ಟಿದ ಬುದ್ಧಿ ಅಲ್ಲ. ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಕ್ರಿಸ್ತಪೂರ್ವ 5ನೇ ಶತಮಾನದಲ್ಲಿ ಬ್ಯಾಬಿಲೋನಿನ ದುಂಡು ಚರ್ಮದ ದೋಣಿಗಳ ಬಗ್ಗೆ ಬರೆದಿದ್ದಾನೆ. ಆ ವ್ಯಾಪಾರಿಗಳು ಸರಕಿನ ಜೊತೆ ಒಂದು ಕತ್ತೆಯನ್ನೂ ದೋಣಿಯಲ್ಲಿ ಹತ್ತಿಸಿಕೊಂಡು ಬರುತ್ತಿದ್ದರಂತೆ! ಊರು ಸೇರಿದ ಮೇಲೆ ಸರಕನ್ನೂ ಮಾರಿ, ದೋಣಿಯ ಕಟ್ಟಿಗೆಯ ಚೌಕಟ್ಟನ್ನೂ ಮಾರಿ, ಚರ್ಮವನ್ನು ಮಾತ್ರ ಕತ್ತೆಯ ಮೇಲೆ ಹೇರಿಕೊಂಡು ನಡೆದು ವಾಪಸು ಹೋಗುತ್ತಿದ್ದರು. ಚೌಕಟ್ಟು ಎಲ್ಲಿ ಬೇಕಾದರೂ ಸಿಗುತ್ತೆ, ಚರ್ಮ ಬೆಲೆಬಾಳುವುದು. ದೋಣಿಯನ್ನು ಹೊರಬೇಡ, ದೋಣಿಯ ಸತ್ವವನ್ನು ಮಾತ್ರ ಹೊತ್ತುಕೋ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಚನ್ನಗಿರಿಯಿಂದ ಹೊರಟವನು

ಈಗ ಇತಿಹಾಸಕ್ಕೆ ಬರೋಣ. ಕೆಳದಿ ಚೆನ್ನಮ್ಮನಿಂದ ಹೆಸರು ಪಡೆಯಿತು ಅನ್ನುವ ಚನ್ನಗಿರಿಯಲ್ಲಿ ಹುಟ್ಟಿದವನು ಧೋಂಡಿಯಾ ವಾಘ್. ಮರಾಠಾ ಮನೆತನದವನು, ಹೈದರನ ಕುದುರೆಪಡೆಯಲ್ಲಿ ಇದ್ದವನು. ಆಮೇಲೆ ತನ್ನದೇ ಗುಂಪು ಕಟ್ಟಿಕೊಂಡು ಧಾರವಾಡದ ಕಡೆ ಸುಲಿಗೆ ಮಾಡಿಕೊಂಡಿದ್ದ. 1790ರ ದಶಕದಲ್ಲಿ ಟಿಪ್ಪು ಅವನನ್ನು ಕರೆಸಿಕೊಂಡು ಕಡೆಗೆ ಸೆರೆಗೆ ಹಾಕಿದ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಸೆರೆಮನೆಯಿಂದ ಹೊರಬಿದ್ದ ಧೋಂಡಿಯಾ ನೇರ ಬಂದದ್ದು ನಮ್ಮ ಬಿದನೂರು ಸೀಮೆಗೆ. ಕೆಲಸ ಕಳೆದುಕೊಂಡ ಟಿಪ್ಪುವಿನ ಸಿಪಾಯಿಗಳು ಅವನ ಹಿಂದೆ ಬಂದರು. 1799ರ ಆಗಸ್ಟಿನಲ್ಲಿ ಇಂಗ್ಲಿಷ್ ಪಡೆ ಅವನನ್ನು ಶಿಕಾರಿಪುರದ ಹತ್ತಿರ ಸೋಲಿಸಿ ಮರಾಠರ ಸೀಮೆಗೆ ಓಡಿಸಿತು. ಒಂದೇ ವರ್ಷದಲ್ಲಿ ಅವನು ಸಾವಿರಾರು ಕುದುರೆಗಳೊಂದಿಗೆ ಮತ್ತೆ ಎದ್ದು ನಿಂತ. ತನ್ನನ್ನು ಉಭಯಲೋಕಾಧೀಶ್ವರ ಅಂತ ಕರೆದುಕೊಂಡ.

ಅವನು ಸ್ವಾತಂತ್ರ್ಯ ಹೋರಾಟಗಾರನೋ, ದರೋಡೆಕೋರನೋ? ಈ ಚರ್ಚೆ ನಮ್ಮಲ್ಲಿ ಇದ್ದೇ ಇದೆ. ಅವನ ಕುದುರೆಗಳು ಹಾದುಹೋದ ಹಳ್ಳಿಯ ರೈತನನ್ನು ಕೇಳಿದ್ದರೆ ಒಂದು ಉತ್ತರ ಬರುತ್ತಿತ್ತು, ರಾಜ್ಯ ಕಳೆದುಕೊಂಡ ಸಿಪಾಯಿಯನ್ನು ಕೇಳಿದ್ದರೆ ಇನ್ನೊಂದು. ಎರಡೂ ನಿಜ ಇರಬಹುದು. ಇಲ್ಲಿ ನಮಗೆ ಬೇಕಾದದ್ದು ಬೇರೆ. ಧೋಂಡಿಯಾನ ಬಲ ಇದ್ದದ್ದು ವೇಗದಲ್ಲಿ. ಹಗುರ ಕುದುರೆಪಡೆ, ಇವತ್ತು ಇಲ್ಲಿ, ನಾಳೆ ಅಲ್ಲಿ. ಬೇಸಿಗೆಯಲ್ಲಿ ಹೊಳೆಗಳು ಅವನಿಗೆ ಅಡ್ಡಿಯೇ ಅಲ್ಲ, ಎಲ್ಲಿ ಬೇಕಾದರೂ ಹಾದುಬಿಡುತ್ತಿದ್ದ.

ಅವನ ಬೆನ್ನಟ್ಟಿದವನು ಕರ್ನಲ್ ಆರ್ಥರ್ ವೆಲ್ಲೆಸ್ಲಿ, ಮುಂದಿನ ಡ್ಯೂಕ್ ಆಫ್ ವೆಲಿಂಗ್ಟನ್. ಅವನ ಕಾಲಾಳು, ಫಿರಂಗಿ, ಎತ್ತಿನ ಸಾಲು ಎಲ್ಲಾ ನಿಧಾನ. ಅವನಿಗೆ ನಮ್ಮ ಹೊಳೆಗಳು ಒಂದು ಪಾಠ ಕಲಿಸಿದವು. ಮಳೆಗಾಲದಲ್ಲಿ ಹೊಳೆ ತುಂಬಿದಾಗ ಕುದುರೆಯ ವೇಗ ದಡದಲ್ಲೇ ನಿಲ್ಲುತ್ತೆ. ಆಗ ದಾಟುವ ಸಾಧನ ಯಾರ ಹತ್ತಿರ ಇದೆಯೋ ಅವನದೇ ಮೇಲುಗೈ. ಮರಾಠಾ ಸೀಮೆಯ ಯುದ್ಧಕ್ಕೆ ಹೊಳೆ ತುಂಬಿದ ಕಾಲವೇ ಒಳ್ಳೆಯದು ಅಂತ ಅವನು ಆಮೇಲೆ ಬರಹದಲ್ಲೇ ವಾದಿಸಿದ್ದಾನೆ. ಮಳೆಗಾಲ ಬಂತು ಅಂದರೆ ಯುದ್ಧ ನಿಲ್ಲಿಸಿ ಮನೆಗೆ ಹೋಗುವ ಕಾಲದಲ್ಲಿ ಇದು ತಲೆಕೆಳಗಾದ ಯೋಚನೆ.

1800ರ ಜೂನ್ ಕೊನೆಯ ಭಾಗದಲ್ಲಿ ಅವನ ಸೈನ್ಯ ಹರಿಹರದ ಹತ್ತಿರ ತುಂಗಭದ್ರೆ ದಾಟಿತು. ಜೂನ್ 27ಕ್ಕೆ ರಾಣೆಬೆನ್ನೂರು ಕೋಟೆ ಹಿಡಿದರು. ಜೂನ್ 30ರಂದು ಧೋಂಡಿಯಾ ಕಿತ್ತೂರಿನ ಕಡೆ ಪೇಶ್ವೆಯ ಸರದಾರ ಧೋಂಡೋಪಂತ ಗೋಖಲೆಯನ್ನು ಮುಗಿಸಿಬಿಟ್ಟ. ಆದರೆ ಜುಲೈ 30ರಂದು ಮಲಪ್ರಭೆಯ ದಡದ ಮುನವಳ್ಳಿಯಲ್ಲಿ ಅವನ ಅರ್ಧ ಶಕ್ತಿ ಮುಗಿಯಿತು. ಅವನ ಸಾಮಾನು ಸರಂಜಾಮಿನ ಪಡೆ ಹೊಳೆ ದಾಟುವ ಹೊತ್ತಿಗೆ ವೆಲ್ಲೆಸ್ಲಿಯ ಕುದುರೆಗಳು ಮೇಲೆ ಬಿದ್ದವು. ಎಷ್ಟೋ ಜನ ತುಂಬಿದ ಹೊಳೆಯಲ್ಲಿ ಮುಳುಗಿದರು. ಫಿರಂಗಿಗಳು ಆಗಲೇ ಆಚೆ ದಡ ಸೇರಿದ್ದವು. ಇಂಗ್ಲಿಷ್ ಸಿಪಾಯಿಗಳು ಕೆಲವರು ಈಜಿ ಹೋಗಿ ದೋಣಿ ಹಿಡಿದು ತಂದು ಆ ಫಿರಂಗಿಗಳನ್ನೂ ವಶ ಮಾಡಿಕೊಂಡರು.

ನೋಡಿ, ಅಲ್ಲಿ ನಿರ್ಣಯ ಆದದ್ದು ಕತ್ತಿಯಿಂದ ಎಷ್ಟೋ, ದೋಣಿಯಿಂದಲೂ ಅಷ್ಟೇ.

ಆಮೇಲೆ ವೆಲ್ಲೆಸ್ಲಿಗೂ ಮಲಪ್ರಭೆ ಕಾಯಿಸಿತು, ದಾಟಲು ದೋಣಿ ಸಿದ್ಧ ಮಾಡುವುದರಲ್ಲಿ ದಿನಗಳು ಹೋದವು. ನೀರು ಇಳಿದಾಗ ಧೋಂಡಿಯಾ ತಪ್ಪಿಸಿಕೊಂಡು ದಾಟಿ ನಿಜಾಮನ ಸೀಮೆಗೆ ಹೋದ. 1800ರ ಸೆಪ್ಟೆಂಬರ್ 10ರಂದು ಕೋಣಗಲ್ ಎಂಬಲ್ಲಿ ನಾಲ್ಕು ಕುದುರೆಪಡೆಗಳ ಏಕಸಾಲಿನ ದಾಳಿಗೆ ಸಿಕ್ಕಿ ಸತ್ತ. ಅವನ ಎಳೆಯ ಮಗ ಸಲಾಬತ್ ಖಾನನನ್ನು ವೆಲ್ಲೆಸ್ಲಿಯೇ ಸಾಕಿಸಿದ. ಆ ಹುಡುಗ ಮುಂದೆ ಮೈಸೂರು ಅರಸರ ಸೇವೆಗೆ ಸೇರಿ 1822ರಲ್ಲಿ ಕಾಲರಾದಿಂದ ತೀರಿಕೊಂಡ.

ಬೊಂಬಾಯಿಯ ಗಾಡಿ, ನಮ್ಮ ಬುಟ್ಟಿ

ಈ ಬರಹದ ತಿರುಳು ಇಲ್ಲಿದೆ. 1803ರಲ್ಲಿ ಮರಾಠರ ಮೇಲೆ ಯುದ್ಧ ಬಂದಾಗ ವೆಲ್ಲೆಸ್ಲಿ ಮತ್ತೆ ನಮ್ಮ ಹರಿಹರದಲ್ಲೇ ಸೈನ್ಯ ಸೇರಿಸಿ, ಮಾರ್ಚ್ 12ರಂದು ಹಾವನೂರಿನ ಹತ್ತಿರ ತುಂಗಭದ್ರೆ ದಾಟಿ ಪುಣೆಯ ದಾರಿ ಹಿಡಿದ. ಮುಂದೆ ಮಳೆಗಾಲ, ಎದುರಿಗೆ ದೊಡ್ಡ ದೊಡ್ಡ ನದಿ. ಸೇತುವೆ ಕಟ್ಟುವ ಪಾಂಟೂನ್ ದೋಣಿಗಳನ್ನು ಕಳಿಸಿ ಅಂತ ಬೊಂಬಾಯಿ ಸರ್ಕಾರಕ್ಕೆ ಬರೆದ. ಯೂರೋಪಿನ ರೀತಿ ಅದು: ಸಿದ್ಧ ದೋಣಿಗಳನ್ನು ಗಾಡಿಯ ಮೇಲೆ ಹೇರಿಕೊಂಡು ಹೋಗಿ, ನದಿಯ ಮೇಲೆ ಸಾಲಾಗಿ ನಿಲ್ಲಿಸಿ, ಹಲಗೆ ಹಾಸುವುದು. ದೋಣಿಗಳು ಹೊರಟವು. ಮಳೆ ಹಿಡಿಯಿತು, ದಾರಿ ಕೆಸರಾಯಿತು, ಆ ಭಾರಕ್ಕೆ ಗಾಡಿಗಳು ದಾರಿಯಲ್ಲೇ ಮುರಿದುಕೊಂಡವು. ನದಿ ದಾಟಿಸಬೇಕಾದ ದೋಣಿಗಳು ನೆಲವನ್ನೇ ದಾಟಲಿಲ್ಲ!

ಆಗ ಕೈ ಹಿಡಿದದ್ದು ಬುಟ್ಟಿ ದೋಣಿ. ವೆಲ್ಲೆಸ್ಲಿಯ ಪತ್ರಗಳಲ್ಲಿ ಇವುಗಳ ಅಳತೆಯೇ ಸಿಗುತ್ತೆ. ಸುಮಾರು 10 ಅಡಿ ಅಗಲ, ಎರಡೂಕಾಲು ಅಡಿ ಆಳ. ಅಡಿಗೆ ಎರಡು ಪದರ ಚರ್ಮ. ಗಮನಿಸಿ, ಎರಡು ಪದರ ಬೇಕಾಗಿದ್ದದ್ದು ಅಡಿಗೆ. ಏಟು ಬೀಳುವುದು ಎಲ್ಲಿ ಅಂತ ಹೆಣೆಯುವವರಿಗೆ ಗೊತ್ತಿತ್ತು. ಅದೇ ವರ್ಷ ಆಗಸ್ಟ್ ಕೊನೆಯಲ್ಲಿ ಅವನ ಸೈನ್ಯ ತುಂಬಿದ ಗೋದಾವರಿಯನ್ನು ದಾಟಿದ್ದು ಇಂಥ ದೋಣಿಗಳಲ್ಲೇ, ದಡದ ಕಾಡಿನಲ್ಲಿ ಸಿಕ್ಕ ಕಡ್ಡಿ ಹೆಣೆದು, ಎತ್ತಿನ ಚರ್ಮ ಹೊದಿಸಿ ಮಾಡಿದವು. ಸೆಪ್ಟೆಂಬರ್ 23ಕ್ಕೆ ಅಸ್ಸಾಯೆ ಯುದ್ಧ. ಅಸ್ಸಾಯೆಯ ಬಗ್ಗೆ ಪುಸ್ತಕಗಳು ಬೇಕಾದಷ್ಟಿವೆ. ಆ ಸೈನ್ಯವನ್ನು ಅಲ್ಲಿಗೆ ತಲುಪಿಸಿದ ಬುಟ್ಟಿ ಹೆಣೆದವರ ಹೆಸರು ಎಲ್ಲೂ ಇಲ್ಲ.

ಹೆರೊಡೋಟಸ್ ಹೇಳಿದ ವ್ಯಾಪಾರಿಯ ಲೆಕ್ಕವೇ ಇದು. ಸಿದ್ಧ ದೋಣಿಯನ್ನು ನೆಲದ ಮೇಲೆ ಸಾಗಿಸಿದರೆ ಅದೂ ಮುರಿಯುತ್ತೆ, ಗಾಡಿಯೂ ಮುರಿಯುತ್ತೆ. ಚರ್ಮ ಮತ್ತು ಕೈಯ ವಿದ್ಯೆ ಇವೆರಡನ್ನೇ ಸಾಗಿಸಿದರೆ ಮುರಿಯುವಂಥದ್ದು ಏನೂ ಇಲ್ಲ.

ಬಿಸಿಲು ಹೇಳ್ತೈತಿ

ಹಾಗಂತ ತೆಪ್ಪಕ್ಕೆ ಏಟೇ ಬೀಳೋದಿಲ್ಲ ಅಂತಲ್ಲ. ದಡದ ಕಲ್ಲಿನ ಮೇಲೆ ಎಳೆದರೆ ಅಡಿ ಸವೆಯುತ್ತೆ. ಎತ್ತಿ ಇಳಿಸುವಾಗ ಒಂದೇ ಕಲ್ಲಿನ ಮೇಲೆ ಕೂತರೆ ಒಳಗಿನ ಬಿದಿರಿನ ಸೀಳು ಮುರಿದು, ಅದರ ಚೂಪು ತುದಿ ಹೊರಪದರವನ್ನು ಚುಚ್ಚುತ್ತೆ. ಚರ್ಮದ ಕಾಲದಲ್ಲಿ ಬಿಸಿಲಿಗೆ ಒಣಗಿ ಬಿರಿಯುವ ಕಾಟ, ಒದ್ದೆ ಇಟ್ಟರೆ ಕೊಳೆಯುವ ಕಾಟ. ಡಾಂಬರು ಬಂದ ಮೇಲೆ ಲಾರಿಯಲ್ಲಿ ಒಂದರೊಳಗೆ ಒಂದು ಪೇರಿಸಿ ತಂದಾಗ ಅಂಟಿಕೊಂಡು ಕಿತ್ತುಬರುವ ಕಾಟ.

ಹೊನ್ನಾಳಿಯ ಹೊಳೆ ದಂಡೆಯಲ್ಲಿ ಒಬ್ಬ ವಯಸ್ಸಾದವರು ತೆಪ್ಪ ರಿಪೇರಿ ಮಾಡುವುದನ್ನು ಒಮ್ಮೆ ತುಂಬಾ ಹೊತ್ತು ನೋಡುತ್ತಾ ಕೂತಿದ್ದೆ.

"ಅಜ್ಜಾ, ತೂತು ಎಲ್ಲೈತಿ ಅಂತ ಹೆಂಗ್ ಗೊತ್ತಾಕ್ಕತಿ?" ಅಂದೆ.

"ಬಿಸಿಲು ಹೇಳ್ತೈತಿ ತಮ್ಮಾ" ಅಂದರು.

ತೆಪ್ಪವನ್ನು ಬೋರಲು ಎತ್ತಿ ನಿಲ್ಲಿಸಿ, ತಾವು ಅದರೊಳಗೆ ತಲೆ ತೂರಿಸಿ ನೋಡಿದರು. ಕತ್ತಲೆಯಲ್ಲಿ ನಕ್ಷತ್ರದ ಹಾಗೆ ಬೆಳಕು ಕಂಡ ಕಡೆಯೆಲ್ಲ ತೂತು. ಹೊರಗಿನಿಂದ ಸುಣ್ಣದ ಗುರುತು ಹಾಕಿದರು. ಬೆಳಕಿಗೆ ಸಿಗದ ಸಣ್ಣ ಬಿರುಕಿಗೆ ಇನ್ನೊಂದು ಪರೀಕ್ಷೆ: ತೆಪ್ಪದ ಒಳಗೆ ನೀರು ಸುರಿದು ಹೊರಗೆ ಎಲ್ಲಿ ಜಿನುಗುತ್ತೆ ಅಂತ ಕೈಯಾಡಿಸಿ ನೋಡುವುದು. ಆಮೇಲೆ ಬಿದಿರು. ಹೆಣಿಗೆಯನ್ನು ಅಂಗೈಯಿಂದ ಒತ್ತುತ್ತಾ ಬಂದರು. ಗಟ್ಟಿ ಸೀಳು ಒತ್ತಿದರೆ ವಾಪಸು ಚಿಮ್ಮುತ್ತೆ, ಮುರಿದದ್ದು ಕಿರ್ ಅಂದು ಅಲ್ಲೇ ಕೂರುತ್ತೆ. ಮುರಿದ ಸೀಳಿನ ಪಕ್ಕಕ್ಕೆ ಹೊಸ ಸೀಳು ಸೇರಿಸಿ ಹೆಣೆದು, ಚೂಪು ತುದಿ ಕತ್ತರಿಸಿ, ಮೇಲೆ ಬಟ್ಟೆ ಇಟ್ಟು, ಕಾಯಿಸಿದ ಡಾಂಬರು ಬಳಿದರು. ಅದಕ್ಕೂ ಮುಂಚೆ ಅರ್ಧ ದಿನ ಒಣಗಲು ಬಿಟ್ಟಿದ್ದರು. ಅವಸರ ಮಾಡಿದ ಗಿರಾಕಿಗೆ "ಹಸಿ ಗಾಯಕ್ಕ ಪಟ್ಟಿ ಕಟ್ಟಿದ್ರ ಒಳಗ ಕೀವು ಆಕ್ಕತಿ" ಅಂದರು.

ಮೇಲೆ ಹೇಳಿದ ಹಾಯಿದೋಣಿಯ ರಿಪೇರಿಗೂ ಇದಕ್ಕೂ ಏನು ವ್ಯತ್ಯಾಸ ಹೇಳಿ? ತಟ್ಟಿ ನೋಡು, ಕೆಟ್ಟದ್ದನ್ನು ತೆಗೆ, ಒಣಗಿಸು, ಪದರ ಹಾಕು. ವ್ಯತ್ಯಾಸ ಒಂದೇ. ಆ ರಿಪೇರಿಗೆ ಕಾರ್ಖಾನೆ ಬೇಕು, ಕ್ರೇನ್ ಬೇಕು. ಇದಕ್ಕೆ ದಡ ಸಾಕು.

ಹೊಳೆ ಇರುವ ಹೊನ್ನಾಳಿಗೆ ದಡದಲ್ಲೇ ರಿಪೇರಿ ಆಗುತ್ತೆ, ಸರಿ. 2018ರಲ್ಲಿ ಹೊನ್ನಾಳಿಯಿಂದ ಬೇರೆಯಾದ ನ್ಯಾಮತಿ ತಾಲ್ಲೂಕಿನವರಿಗೂ ಹೊಳೆ ದೂರದ್ದಲ್ಲ. ಚನ್ನಗಿರಿಯವರಿಗೆ ಸೂಳೆಕೆರೆ ಇದೆ, ಎರಡು ಗುಡ್ಡಗಳ ನಡುವೆ ಏರಿ ಹಾಕಿ ಸಮುದ್ರದ ಹಾಗೆ ಕಾಣುವ ಶಾಂತಿಸಾಗರ. ಆದರೆ ಜಗಳೂರು? ವರ್ಷವಿಡೀ ಹರಿಯುವ ಹೊಳೆಯೇ ಇಲ್ಲದ ಬಯಲುಸೀಮೆ ಅದು. ಅಲ್ಲಿಗೆ ತೆಪ್ಪ ಬರಬೇಕಾದರೆ ನೆಲದ ಮೇಲೇ ಬರಬೇಕು. ಮಳೆ ಬಂದ ವರ್ಷ ಕೆರೆ ತುಂಬಿದರೆ ತೆಪ್ಪಕ್ಕೆ ಕೆಲಸ, ಇಲ್ಲದಿದ್ದರೆ ಅದು ಮರದ ಬುಡದಲ್ಲಿ ಬೋರಲು. ಇತ್ತೀಚಿನ ವರ್ಷಗಳಲ್ಲಿ ತುಂಗಭದ್ರೆಯ ನೀರನ್ನು ಪೈಪಿನಲ್ಲಿ ಎತ್ತಿ ಜಗಳೂರು ತಾಲ್ಲೂಕಿನ 57 ಕೆರೆ ತುಂಬಿಸುವ ಯೋಜನೆ ಬಂತು. ದೋಣಿಯಷ್ಟೇ ಅಲ್ಲ, ಹೊಳೆಯೂ ನೆಲದ ಮೇಲೆ ಪ್ರಯಾಣ ಮಾಡುವ ಕಾಲ ಇದು.

ಇದೆಲ್ಲ ಹಳೇ ಕಥೆ, ಸೇತುವೆಗಳು ಬಂದ ಮೇಲೆ ತೆಪ್ಪ ಯಾರಿಗೆ ಬೇಕು ಅನ್ನಬೇಡಿ. ತುಂಗಭದ್ರೆ ಉಕ್ಕಿದಾಗಲೆಲ್ಲ ಹೊನ್ನಾಳಿಯ ಬಾಲರಾಜ ಘಾಟ್‌ನ ಮನೆಗಳಿಗೆ ಇವತ್ತಿಗೂ ನೀರು ನುಗ್ಗುತ್ತೆ. ನೆರೆ ಬಂದ ಊರುಗಳಿಗೆ ರಕ್ಷಣಾ ಪಡೆಯವರು ಲಾರಿಯಲ್ಲಿ ತರುವ ದೋಣಿಯನ್ನು ಯಾವತ್ತಾದರೂ ಗಮನಿಸಿದ್ದೀರಾ? ಮಡಚಿಟ್ಟ ರಬ್ಬರು. ದಡದಲ್ಲಿ ಬಿಚ್ಚಿ, ಗಾಳಿ ತುಂಬಿದರೆ ದೋಣಿ. ತೂತು ಹುಡುಕಲು ಸೋಪಿನ ನೀರು ಸವರಿ ಗುಳ್ಳೆ ಏಳುತ್ತಾ ನೋಡುತ್ತಾರೆ, ಒಣಗಿಸಿ ಪಟ್ಟಿ ಅಂಟಿಸುತ್ತಾರೆ. ಚರ್ಮವನ್ನು ಮಾತ್ರ ಹೊತ್ತುಕೋ, ಆಕಾರ ದಡದಲ್ಲಿ ಕೊಡು: ಬ್ಯಾಬಿಲೋನಿನ ಕತ್ತೆ ಹೊತ್ತದ್ದೂ ಇದನ್ನೇ.

ಹೋಗುತ್ತಿರುವುದು ಕೈಯ ವಿದ್ಯೆ. ಫೈಬರಿನ ಅಚ್ಚಿನಲ್ಲಿ ಎರಕ ಹೊಯ್ದ ತೆಪ್ಪ ಬಂದಿದೆ, ಹಗುರ, ಬಾಳಿಕೆಯೂ ಹೆಚ್ಚು, ಬೇಡ ಅನ್ನುವ ಹಾಗಿಲ್ಲ. ಆದರೆ ಅದು ಬಿರುಕು ಬಿಟ್ಟರೆ ಅಂಬಿಗ ಪೇಟೆಗೆ ಹೋಗಿ ಅಂಟು, ನಾರುಬಟ್ಟೆ ತರಬೇಕು. ಬಿದಿರು ಸೀಳಿ ಹೆಣೆಯುವವರು ಒಬ್ಬೊಬ್ಬರಾಗಿ ಕಡಿಮೆಯಾದರೆ, ನೆರೆಯ ರಾತ್ರಿ ಲಾರಿ ಬರುವ ತನಕ ಕಾಯುವುದಷ್ಟೇ ಉಳಿಯುತ್ತೆ. ಲಾರಿ ಬರುವ ದಾರಿಯೇ ಮುಳುಗಿದ್ದರೆ? ಬೊಂಬಾಯಿಯಿಂದ ಹೊರಟ ಗಾಡಿಗಳು ಎಲ್ಲಿ ನಿಂತವು ಅಂತ ಮೇಲೆ ಓದಿದ್ದೀರಿ.

ನಿಮ್ಮ ಊರಿನಲ್ಲಿ ತೆಪ್ಪ ಹೆಣೆಯುವವರು ಇನ್ನೂ ಇದ್ದರೆ ಒಮ್ಮೆ ಹೋಗಿ ಕೂತು ನೋಡಿ, ಮಕ್ಕಳನ್ನೂ ಕರೆದುಕೊಂಡು ಹೋಗಿ. ಸೀಳು ಎಷ್ಟು ಬೆರಳಗಲ, ಯಾವ ಬಿದಿರು, ಯಾವ ತಿಂಗಳಲ್ಲಿ ಕಡಿಯಬೇಕು, ಕೇಳಿ ಬರೆದಿಟ್ಟುಕೊಳ್ಳಿ. ನನಗೂ ತಿಳಿಸಿ.